ಬೆರಳೊತ್ತಿದ ಗುರುತು

ಆಂಬ್ರೋಸರ ಹೃದಯದ ಎಡಭಾಗ ಸೋತಾಗ ಡಾಕ್ಟರು ಅದಕ್ಕೊಂದು ಪಂಪು ಜೋಡಿಸಿ ವರ್ಕಾಡಿಯ ಮನೆಗೆ ಕಳುಹಿಸಿದರು. ಪಂಪು ಬಡಿತವಿಲ್ಲದೆ ಒಂದೇ ಸಮನೆ ರಕ್ತ ತಳ್ಳುತ್ತಿದ್ದುದರಿಂದ ಅಂದಿನಿಂದ ಅವರ ಕೈಯಲ್ಲಿ ನಾಡಿ ಸಿಗುತ್ತಿರಲಿಲ್ಲ. ಪಂಪು ತಳ್ಳಿದ ರಕ್ತವೆಲ್ಲ ತಿರುಗಿ ಬಂದಾಗ ಹೃದಯದ ಬಲಭಾಗಕ್ಕೆ ತಾಳಲಾಗದೆ ಕಾಲುಗಳು ನೀರು ತುಂಬಿ ಬಾತವು. ಹೆಂಡತಿ ಜೋಸ್ಫಿನ್ ದಿನವೂ ಬೆರಳೊತ್ತಿ, ಕುಳಿ ಬೀಳುತ್ತದೋ ಎಂದು ನೋಡಬೇಕಿತ್ತು.

ಒಂದು ಮಧ್ಯಾಹ್ನ ಅವಳು ಮುಟ್ಟುವ ಮೊದಲೇ ಮೊಣಕಾಲ ಕೆಳಗೆ ನಾಲ್ಕು ಬೆರಳ ಕುಳಿಗಳಿದ್ದವು.

“ನೀವು ಒತ್ತಿದ್ದಾ?”

“ನನಗೆ ಬಗ್ಗಲಿಕ್ಕೆ ಎಲ್ಲಿ ಆಗ್ತದೆ ಮಾರಾಯ್ತಿ?”

ಅವಳು ತನ್ನ ಬೆರಳಿಟ್ಟು ನೋಡಿದಳು. ಕುಳಿಗಳು ಅದಕ್ಕಿಂತ ಅಗಲವಾಗಿದ್ದವು, ತಣ್ಣಗೂ ಇದ್ದವು. ಮರುದಿನ ಅವು ತೊಡೆಯ ಮೇಲೆ ಕಂಡವು.

ಮದ್ದು ಬದಲಿಸಿದ ಮೇಲೆ ಬಲಭಾಗ ಚೇತರಿಸಿತು, ಬಾವು ಪೂರ್ತಿ ಇಳಿಯಿತು. ಆಂಬ್ರೋಸ್ ಈಗ ಇಗರ್ಜಿಗೆ ನಡೆದೇ ಹೋಗುತ್ತಾರೆ. ಆದರೆ ಎಂದೂ ಬಾತಿರದ ಅವರ ಎದೆಯ ಬಲಗಡೆ ಮೂಡಿದ, ಅದೇ ಅಗಲ ಬೆರಳುಗಳ ನಾಲ್ಕು ಕುಳಿಗಳು ಇಂದಿಗೂ ತುಂಬಿಕೊಂಡಿಲ್ಲ.