ತಡೆಹಿಡಿದ ಹೆಸರು

"ಕಂಪ್ಯೂಟರ್ ಆನ್ ಮಾಡಿ."

ಆ ದನಿ ಕೇಳಿದ್ದೇ ತಡ, ನೀತಾಳ ಕೈಯಲ್ಲಿದ್ದ ಜಾತಕಗಳು ನೆಲಕ್ಕೆ ಬಿದ್ದವು.

ಸುಹಾಸ! ಎರಡು ವರ್ಷದ ಮೇಲೆ... ಅದೂ ಏನೂ ಆಗದವನ ಹಾಗೆ!

ಅವಳು ಕೆಲಸ ಮಾಡುವ ಬಿಬವೇವಾಡಿ ಬಡಾವಣೆಯ ವಧು-ವರ ಕೇಂದ್ರದ ಹೆಸರುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಟ್ಟವನೇ ಅವನು. ಭಾನುವಾರಗಳಂದು ಪಕ್ಕದಲ್ಲಿ ಕೂತು ಅವಳಿಗೆ ಹೆಸರುಗಳನ್ನು ಇಡುವ ಟೇಬಲ್, ಅದರಿಂದ ಬೇಕಾದವರನ್ನು ಹೆಕ್ಕುವ ಕ್ವೆರಿ ಕಲಿಸಿದವನೂ ಅವನೇ. ಒಂದು ದಿನ ಅವಳ ಅಪ್ಪ ಹೊಳಬಸಪ್ಪ ಮಗಳ ಫಾರ್ಮ್ ತುಂಬಿಕೊಟ್ಟರು. "ಹುಡುಗರಿಗೆ ಕಳಿಸಲಾ?" ಎಂದ ಸುಹಾಸ. ಅವಳು ಬೇಡ ಎನ್ನಲಿ ಎಂದು ಅವನು ಕಾದ. ಇವರೇ ಬೇಡ ಅನ್ನಬಾರದೇ ಎಂದು ಅವಳು ಉರಿದಳು. "ಕಳಸ್ರಿ" ಅಂದುಬಿಟ್ಟಳು.

ಕೈಯಾರೆ ಹೆಸರು ಸೇರಿಸಿ ಹಿಂಜವಾಡಿಯ ಕಂಪನಿ ಕೆಲಸಕ್ಕೆ ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಇಬ್ಬರಿಗೂ ಹಠವೇನು ಕಮ್ಮಿಯಿರಲಿಲ್ಲ ನೋಡಿ!

ಹಳೆಯ ಟೇಬಲ್‌ಗಳನ್ನು ತೆಗೆದುಹಾಕಲು ಕೇಂದ್ರ ನಡೆಸುವ ಗೌರಾಬಾಯಿ ಈಗ ಅವನನ್ನು ಕರೆಸಿದ್ದರು.

ಸುಹಾಸ ಪರದೆಯತ್ತ ಬೆರಳು ತೋರಿಸಿದ. "ಈ ಟೇಬಲ್ ನಾನು ಮಾಡಿದ್ದಲ್ಲ. 'ವರ್ಷ ತಡೆ' ಅಂದ್ರೆ ಎಂಥದು?"

"ಮನ್ಯಾಗ ಯಾರರ ತೀರಿಕೊಂಡ್ರ ಒಂದು ವರ್ಷ ಮದುವಿ ಮಾಡಂಗಿಲ್ಲಲ್ರಿ. ಅಂಥವರ ಹೆಸರು ಅದಾವ. ಅದನ್ನ ಮುಟ್ಟಬ್ಯಾಡ್ರಿ!"

"ಮುಟ್ಟುವ ಮೊದಲು ಯಾವ ಕ್ವೆರಿ ಇದನ್ನು ನಂಬಿಕೊಂಡು ಉಂಟು ಅಂತ ನೋಡ್ಬೇಕು."

ಅವನು ಮೌಸ್ ಒತ್ತಿದ. ಪರದೆಯ ಬದಿಯಲ್ಲಿ ಒಂದೇ ಒಂದು ಕ್ವೆರಿ ಬಂತು, ವಧುಗಳ ಪಟ್ಟಿಯದು. ಈ ಟೇಬಲಿನಲ್ಲಿ ಇದ್ದವರನ್ನು ಬಿಟ್ಟು ಉಳಿದವರ ಹೆಸರನ್ನಷ್ಟೇ ಅದು ಹುಡುಗರ ಮನೆಗೆ ಕೊಡುತ್ತಿತ್ತು.

ಅವನು ಟೇಬಲ್ ತೆರೆದ. ಅಯ್ಯೋ ದೇವರೇ... ಅವಳು ಕಣ್ಣು ಮುಚ್ಚಿಕೊಂಡಳು.

"ನೀತಾ... ನಿಮ್ಮ ಮನೆಯಲ್ಲಿ ಯಾರು ತೀರಿಕೊಂಡದ್ದು?"

ಅವಳು ಬಗ್ಗಿ ನೆಲದ ಜಾತಕಗಳನ್ನು ಹೆಕ್ಕತೊಡಗಿದಳು.

"ತಾರೀಖು ನೋಡಿದ್ರೆ ನಾನು ಹೋದ ದಿನವೇ ನಿಮ್ಮ ಹೆಸರು ಹಾಕಿದ್ದೀರಿ. ವರ್ಷ ಮುಗಿದ ಮೇಲೆ ಮತ್ತೊಮ್ಮೆ..."

"ಯಾರೂ ಸತ್ತಿಲ್ರಿ!" ತಡೆದಿದ್ದ ಅಳು ಒಡೆಯಿತು. "ನಿಮ್ಮ ಕೈಲೇ ನನ್ನ ಹೆಸರು ಮಂದಿಗೆ ಕೊಟ್ರಿ. ಸತ್ತಂಗೇ ಆತು ನನಗ... ಮಗಳನ್ನ ಯಾರೂ ಕೇಳವಲ್ರು ಅಂತ ಅಪ್ಪಾ ದಿನಾ ಕೊರಗತಾರ. ಅವರ ಮಾರಿ ನೋಡಾಕ ಆಗವಲ್ದು."

ಆ ಮನೆ ಎರಡು ವರ್ಷ ಉಂಡ ನೋವಿಗೆ ತನ್ನ ಮೌನವೇ ಕಾರಣ ಎಂದು ಸುಹಾಸನಿಗೆ ಅರ್ಥವಾಯಿತು. ಅವನ ಕಣ್ಣೂ ತುಂಬಿತು.

"ಪ್ರತಿ ತಿಂಗಳು ಗೌರಾಬಾಯಿಗೆ ಫೋನ್ ಮಾಡ್ತಿದ್ದೆ. ನಿಮ್ಮ ಮದುವೆ ಆಯ್ತಾ ಅಂತ ಕೇಳ್ಲಿಕ್ಕೆ ಧೈರ್ಯ ಇರ್ಲಿಲ್ಲ. ಕಂಪ್ಯೂಟರ್ ಸರಿ ಉಂಟಾ ಅಂತ ಕೇಳಿ ಇಡ್ತಿದ್ದೆ."

"ಈಗ ನನ್ನ ಹೆಸರು ಅದರಾಗಿಂದ ತಗೀತೀರೇನ್ರಿ?"

"ತೆಗೆದ್ರೆ ಹುಡುಗರ ಮನೆಗೆ ಹೋಗ್ತದೆ ಅಲ್ವಾ?" ಅವನು ಅವಳ ಹಳೆಯ ಫಾರ್ಮ್ ಹುಡುಕಿ ಮುಂದಿಟ್ಟ. "ಇದನ್ನೇ ವಾಪಸ್ ತಗೊಳ್ಳಿ. ವಾಪಸ್ ತಗೊಳ್ಳುವ ಕಾರಣ ಅಂತ ಕೆಳಗೆ ಒಂದು ಜಾಗ ಉಂಟಲ್ಲ... 'ಮದುವೆ ನಿಶ್ಚಯವಾಗಿದೆ' ಅಂತ ಬರೀರಿ."

"ಯಾರ ಜೋಡಿ?"

"ನೀವು ಬೇಡ ಅನ್ನದಿದ್ರೆ... ನನ್ನ ಜೊತೆ."

ಅವಳು ಬರೆಯತೊಡಗಿದಳು. ಕಣ್ಣೀರು ಬಿದ್ದು ಶಾಯಿ ಹರಡಿತು.

"ಬ್ಯಾಡ ಅಂತ ಅವತ್ತೇ ಅನ್ನಬೇಕಿತ್ರಿ ನಾ," ಎಂದಳು ತಲೆ ಎತ್ತದೆ. "ಇವತ್ತ ಅನ್ನಂಗಿಲ್ಲ."