ನೋಡದೇ ಹೇಳಿದ ಬಾಲ

ಒಂದಾನೊಂದು ಬೀದಿಯಲ್ಲಿ ಒಂದು ಪ್ರಾಣಿ ಇತ್ತಂತೆ. ಅದರ ಮುಖ ಒಬ್ಬ ಹುಡುಗಿಗೆ ಮಾತ್ರ ಕಂಡಿತ್ತಂತೆ. ಬಾಲ ಯಾರಿಗೂ ಕಂಡಿರಲಿಲ್ಲವಂತೆ. ಆದರೂ ಬಾಲದ ಸುದ್ದಿಯೇ ಮೊದಲು ಬೀದಿ ಸುತ್ತಿ ಬಂತಂತೆ.

ಅಜ್ಜಿ ಹೇಳಿದ್ದರೆ ಈ ಕಥೆ ಹೀಗೆ ಶುರುವಾಗುತ್ತಿತ್ತು. ಅಜ್ಜಿಯ ಕಥೆಗಳಿಗೆ ಒಂದೇ ಷರತ್ತು: ಕೇಳುವವರು ‘ಹೂಂ’ ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಂತಿತು.

ಆ ಹೂಂಗಳ ನಡುವೆ ಬೆಳೆದ ಮೊಮ್ಮಗಳು ಈಗ ಬಟ್ಟೆಯ ಗೊಂಬೆ ಹೊಲಿಯುತ್ತಿದ್ದಳು. ಮನೆಯ ಮಹಡಿ ಕೋಣೆಯೇ ಅವಳ ಕಾರ್ಖಾನೆ. ಮೂಲೆಯಲ್ಲಿ ಹತ್ತಿಯ ಮೂಟೆ, ಕಿಟಕಿಯ ಪಕ್ಕ ಮಷೀನು, ಶೆಲ್ಫಿನ ಮೇಲೆ ಕಣ್ಣಿಗಾಗಿ ಕಾಯುತ್ತ ಸಾಲಾಗಿ ಕೂತ ಮೊಲಗಳು. ಬೀದಿಯವರು ಅವಳನ್ನೂ ಗೊಂಬೆ ಎಂದೇ ಕರೆಯುತ್ತಿದ್ದರು.

ಒಂದು ಮುಸ್ಸಂಜೆ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಿದರೆ, ಗವಾಕ್ಷಿಯಿಂದ ಒಂದು ಮುಖ ಅವಳನ್ನೇ ನೋಡುತ್ತಿತ್ತು. ಬೆಕ್ಕಲ್ಲ. ಚೂಪು ಮೂತಿ. ಕಣ್ಣಿನ ಸುತ್ತ ಕಪ್ಪು ಪಟ್ಟಿ, ಅದರ ಕೆಳಗೆ ಸುಣ್ಣದ ಬೊಟ್ಟಿನಂಥ ಮಚ್ಚೆ. ಅವಳು ಉಸಿರು ಬಿಡುವಷ್ಟರಲ್ಲಿ ಗವಾಕ್ಷಿ ಖಾಲಿಯಾಗಿತ್ತು.

ಕೆಳಗಿನ ಇಸ್ತ್ರಿ ಅಂಗಡಿಯ ಮಾಮನಿಗೆ ಹೇಳಿದ್ದೇ ತಡ, ಅವರು ಪ್ರಾಣಿ ರಕ್ಷಣೆಯ ಆಫೀಸಿಗೆ ಫೋನು ಹಚ್ಚಿದರು. ಮರುದಿನ ಅಲ್ಲಿಂದ ಒಬ್ಬ ಬಂದ. ಉದ್ದ ಕಾಲು, ಧೂಳು ಹಿಡಿದ ಶೂ, ಮಟಮಟ ಮಧ್ಯಾಹ್ನ ಕೊರಳಲ್ಲಿ ಟಾರ್ಚು. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, ಅವನಿಗೆ ಕೇಳುವ ಹಾಗೆಯೇ ‘ಟಾರ್ಚಪ್ಪ’ ಎಂದು ಹೆಸರಿಟ್ಟಳು. ಅವನು ಕೋಪಿಸಿಕೊಳ್ಳಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

“ಏನೇನು ನೋಡಿದ್ರಿ, ಎಲ್ಲಾ ಹೇಳಿ,” ಎಂದು ಹತ್ತಿ ಮೂಟೆಯ ಮೇಲೆ ಕೂತ.

“ಮುಖ ಚೂಪಾಗಿತ್ತು.”

“ಹೂಂ.”

ಅವಳ ಕೈ ನಿಂತಿತು. ಎಷ್ಟೋ ವರ್ಷದಿಂದ ಅವಳ ಮಾತಿಗೆ ಯಾರೂ ಹಾಗೆ ಹೂಂಗುಟ್ಟಿರಲಿಲ್ಲ. ಅವನ ಹೂಂನಲ್ಲಿ ಅವಸರವಿರಲಿಲ್ಲ. ಮುಂದಿನ ಮಾತಿಗೆ ಜಾಗ ಒರೆಸಿ ಕೊಟ್ಟ ಹಾಗಿತ್ತು.

“ಕಣ್ಣಿಗೆ ಕಪ್ಪು ಪಟ್ಟಿ.”

“ಹೂಂ. ಬಾಲ?”

ಬಾಲ ನೋಡಿಲ್ಲ ಎಂದರೆ ಮುಗಿಯಿತು. ಅವನು ಎದ್ದು ಹೋಗುತ್ತಾನೆ. ಎದುರಿನ ಬಿಸಿಲಿನಲ್ಲಿ ಅವನ ರೆಪ್ಪೆಗಳ ತುದಿ ಕಂದಾಗಿ ಕಾಣುತ್ತಿತ್ತು.

“ಬಾಲದ ತುಂಬಾ ಉಂಗುರ ಉಂಗುರ ಇತ್ತು,” ಎಂದುಬಿಟ್ಟಳು. “ಕಪ್ಪು, ಬಿಳಿ, ಕಪ್ಪು, ಬಿಳಿ.”

ಅವನು ಹೂಂ ಅನ್ನುವುದನ್ನೂ ಮರೆತು ಮುಂದಕ್ಕೆ ಬಾಗಿದ. “ಒಂದು ಚಿತ್ರ ಬರೆದು ಕೊಡ್ತೀರಾ?”

“ಬರೆಯೋಕೆ ಬರಲ್ಲ.” ನಾಚಿಕೆಯಿಂದ ಅವಳು ಬಟ್ಟೆಯ ತುಂಡೊಂದನ್ನು ಮಡಚಿದಳು. “ಹೊಲಿಯೋಕೆ ಬರುತ್ತೆ.”

“ಹಾಗಾದ್ರೆ ಹೊಲಿದು ಕೊಡಿ. ಮಾತು ಕೊಟ್ಟ ಹಾಗೆ ಅಂತ ಇಟ್ಕೋತೀನಿ.”

ಮುಖ ಹೊಲಿಯುವುದು ಕಷ್ಟವಾಗಲಿಲ್ಲ. ನೋಡಿದ್ದನ್ನು ಕೈ ತಾನೇ ಹುಡುಕಿಕೊಂಡಿತು. ಅವನು ಗೋಡೆಯ ಗುರುತು ನೋಡಬೇಕು ಎಂದು ಬರುತ್ತಿದ್ದ. ಗವಾಕ್ಷಿಯ ಅಳತೆ ಬೇಕು ಎಂದು ಬರುತ್ತಿದ್ದ. ಅಳೆದ ಗವಾಕ್ಷಿಯನ್ನೇ ಮತ್ತೆ ಅಳೆಯುತ್ತಿದ್ದ.

“ಗವಾಕ್ಷಿ ಏನಪ್ಪಾ, ಬೆಳೀತಾ ಇದೆಯಾ?” ಎಂದಳು ಅಜ್ಜಿ.

ಅವನು ಟೇಪು ಸುತ್ತುತ್ತ, ಮೂಟೆಯ ಆಚೆಯಿಂದ ಹುಡುಗಿಯತ್ತ ಒಂದು ನೋಟ ಕಳಿಸಿದ. ಅವಳು ಅದನ್ನು ಕಂಡೂ ಕಾಣದವಳಂತೆ ಗೊಂಬೆಯ ಕಿವಿಗೆ ಬಾಗಿದಳು. ಸೂಜಿ ಬೆರಳಿಗೆ ಚುಚ್ಚಿತು.

ಬಾಲದ ಬಟ್ಟೆ ಮಾತ್ರ ಡಬ್ಬಿಯಲ್ಲೇ ಉಳಿಯಿತು. ಕಪ್ಪು ಬಿಳಿ ಪಟ್ಟಿ ಕತ್ತರಿಸುತ್ತಿದ್ದಳು, ಜೋಡಿಸುತ್ತಿದ್ದಳು, ಮೈ ಬಿಸಿಯಾಗಿ ಮತ್ತೆ ಡಬ್ಬಿಗೆ ಹಾಕುತ್ತಿದ್ದಳು. “ಬಾಲ ಯಾವಾಗ?” ಎಂದು ಅವನು ಕೇಳಿದಾಗಲೆಲ್ಲ “ನಾಳೆ” ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅವನು ಮೆಟ್ಟಿಲು ಹಾರಿಕೊಂಡೇ ಬಂದ. “ರಕೂನ್! ಕಣ್ಣಿಗೆ ಪಟ್ಟಿ, ಬಾಲಕ್ಕೆ ಉಂಗುರ, ಇನ್ನೇನೂ ಆಗಿರೋಕೆ ಸಾಧ್ಯ ಇಲ್ಲ. ಅಮೆರಿಕದ ಪ್ರಾಣಿ, ಇಲ್ಲಿಯದೇ ಅಲ್ಲ ಅದು. ಯಾರೋ ಕದ್ದು ತರಿಸಿ ಸಾಕಿದ್ದು ತಪ್ಪಿಸ್ಕೊಂಡಿದೆ. ನಾನು ಸಾಹೇಬರ ಹತ್ರ ಹಟ ಹಿಡಿದು ಒಪ್ಪಿಸಿದೀನಿ. ನಾಳೆ ಬೋನು ತರ್ತೀನಿ.”

“ಬೋನಾ?”

“ಹೊರಗಿನ ಪ್ರಾಣಿನ ಹಾಗೇ ಬಿಡೋ ಹಾಗಿಲ್ಲ. ಹಿಡಿದು ಪಂಜರದಲ್ಲೇ ಇಡಬೇಕು, ಸಾಯೋವರೆಗೂ.” ಅವನ ಮುಖ ಹೊಳೆಯುತ್ತಿತ್ತು. “ಎಲ್ಲಾ ನಿಮ್ಮಿಂದ. ನೀವು ಅಷ್ಟು ಸರಿಯಾಗಿ ನೋಡಿದ್ರಿ.”

ಅವನು ಹೋದ ಮೇಲೆ ಅವಳು ಮೊಲಗಳ ಸಾಲಿಗೆ ಬೆನ್ನು ಹಾಕಿ ಕೂತಳು. ಕಣ್ಣಿಲ್ಲದ ಮೊಲಗಳ ಮುಂದೆಯೂ ಮುಖ ತೋರಿಸಲು ನಾಚಿಕೆಯಾಯಿತು.

ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ಪಟ್ಟಿಗಳನ್ನು ನೋಡಿದಳು. “ಬಾಲ ನೀನು ನೋಡ್ಲೇ ಇಲ್ಲ. ಅಲ್ವೇನೇ?”

“ನೀನು ರಾಕ್ಷಸನಿಗೆ ಎಷ್ಟು ತಲೆ ಬೇಕಾದ್ರೂ ಹಚ್ತಿದ್ದೆ, ಅಜ್ಜಿ.”

“ಹಚ್ತಿದ್ದೆ ಕಣೇ. ಆದ್ರೆ ನನ್ನ ಕಥೆ ಕೇಳಿ ಯಾರೂ ಬೋನು ತರ್ತಿರಲಿಲ್ಲ.”

ಮರುದಿನ ಅವನು ಬೋನನ್ನು ತಾನೇ ಹೊತ್ತು ಬಂದ. ಕಬ್ಬಿಣದ ಬಾಗಿಲು ಮೆಟ್ಟಿಲಿಗೆ ತಾಗಿ ಟಣ್ ಟಣ್ ಎನ್ನುತ್ತಿತ್ತು. ಈಗ ಹೇಳಿದರೆ ಅವನು ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಹೇಳದಿದ್ದರೆ ಆ ಚೂಪು ಮೂತಿ ಈ ಸರಳುಗಳ ಹಿಂದೆ ಇರುತ್ತದೆ. ಅವನು ಬೋನನ್ನು ಗವಾಕ್ಷಿಯ ಕೆಳಗೆ ಇಡುವಷ್ಟರಲ್ಲಿ ಅವಳು ಅದರ ಬಾಗಿಲ ಮೇಲೆ ಕೈಯಿಟ್ಟಳು.

“ಬಾಲ ನಾನು ನೋಡಿಲ್ಲ.”

ಅವನು ಹೂಂ ಅನ್ನಲಿಲ್ಲ.

“ಉಂಗುರ ಎಲ್ಲಾ ಸುಳ್ಳು. ನೀವು ಕೇಳಿದ್ರಿ... ಕೇಳ್ತಾ ಇದ್ರಿ ಅಂತ ಹೇಳ್ತಾ ಹೋದೆ. ನೀವು ಎದ್ದು ಹೋಗ್ತೀರೇನೋ ಅಂತ...” ಕಿವಿಯಿಂದ ಕತ್ತಿನವರೆಗೆ ಉರಿ ಹತ್ತಿದ ಹಾಗಿತ್ತು.

ಅವನ ಮುಖದ ಹೊಳಪು ಇಳಿಯುವುದನ್ನು ಅವಳು ನೋಡಬೇಕಾಯಿತು. “ಸಾಹೇಬರು ನಕ್ಕಿದ್ರು,” ಎಂದ ಮೆಲ್ಲಗೆ. “ಆ ಹುಡುಗಿ ಸುಳ್ಳು ಹೇಳೋಳಲ್ಲ ಸಾರ್ ಅಂದಿದ್ದೆ, ಎಲ್ಲರ ಮುಂದೆ.”

ಅವನು ಬೋನು ಎತ್ತಿಕೊಂಡ. ಟಣ್ ಟಣ್ ಸದ್ದು ಮೆಟ್ಟಿಲಿಳಿದು, ಬೀದಿ ದಾಟಿ ಹೋಯಿತು.

ಆಮೇಲಿನ ದಿನಗಳಲ್ಲಿ ಅವಳು ಬೀದಿಗೆ ಇಳಿಯುವುದನ್ನೇ ಬಿಟ್ಟಳು. ಇಳಿದರೆ ಇಸ್ತ್ರಿ ಮಾಮ ಪೆಟ್ಟಿಗೆ ಒತ್ತುತ್ತಲೇ ಕೇಳುತ್ತಿದ್ದರು: “ಏನಮ್ಮಾ ಗೊಂಬೆ, ರಕೂನಪ್ಪ ಊಟಕ್ಕೆ ಬಂದ್ರಾ?” ಆ ನಗುವನ್ನು ನುಂಗಿಕೊಳ್ಳಬಹುದಿತ್ತು. ‘ಸುಳ್ಳು ಹೇಳೋಳಲ್ಲ’ ಎಂಬ ಮಾತನ್ನು ನುಂಗಲಾಗುತ್ತಿರಲಿಲ್ಲ. ಮಷೀನು ತುಳಿದಾಗಲೆಲ್ಲ ಅದು ಅದನ್ನೇ ಹೇಳುತ್ತಿತ್ತು.

ಬಾಲವಿಲ್ಲದ ಗೊಂಬೆ ಮೇಜಿನ ಮೇಲೆ ಗೋಡೆಗೆ ಒರಗಿ ಕೂತಿತ್ತು. ಪಟ್ಟಿಗಳನ್ನೆಲ್ಲ ಅವಳು ಕತ್ತರಿಸಿ ಮೊಲದ ಹೊಟ್ಟೆಗೆ ತುಂಬಿದಳು.

ಒಂದು ಸಂಜೆ ಮೆಟ್ಟಿಲ ಮೇಲೆ ಶೂ ಸದ್ದಾಯಿತು. ಬೋನಿನ ಸದ್ದಿರಲಿಲ್ಲ.

“ಗೊಂಬೆ ಕೊಡ್ತೀನಿ ಅಂದಿದ್ರಿ,” ಎಂದ ಅವನು, ಬಾಗಿಲಲ್ಲೇ ನಿಂತು.

ಅವಳಿಗೆ ತಲೆ ಎತ್ತಲಾಗಲಿಲ್ಲ. “ಬಾಲ ಇಲ್ಲ ಅದಕ್ಕೆ.”

“ಗೊತ್ತು. ಬಾಲ ಹೇಗಿದೆ ನೋಡೋಣ ಅಂತಲೇ ಬಂದೆ.” ಕೈಯಲ್ಲಿ ಎರಡು ಕಳಿತ ಬಾಳೆಹಣ್ಣಿತ್ತು.

ಹಣ್ಣನ್ನು ಟೆರೇಸಿನ ಮೋಟುಗೋಡೆಯ ಮೇಲಿಟ್ಟು, ಅಜ್ಜಿಯ ಸೀರೆ ಒಣಹಾಕಿದ್ದ ತಂತಿಯ ಹಿಂದೆ ಇಬ್ಬರೂ ಕೂತರು. ಅಜ್ಜಿ ಬಾಗಿಲ ಬಳಿಯ ಕುರ್ಚಿಯಲ್ಲಿ ನಿದ್ದೆಯ ನಾಟಕ ಆಡುತ್ತಿದ್ದಳು. ಆಕಾಶ ಕೆಂಪಾಗಿ, ನೇರಳೆಯಾಗಿ, ಬೂದಾಗುತ್ತ ಬಂತು.

“ನಾನೂ ಒಂದು ಹೇಳ್ಬೇಕು,” ಎಂದ ಅವನು, ಸೀರೆಯ ಅಂಚನ್ನೇ ನೋಡುತ್ತ. “ನಮ್ಮ ಆಫೀಸಲ್ಲಿ ಗೊಂಬೆ ಯಾರಿಗೂ ಬೇಡ. ಪ್ರಾಣಿ ಹೇಗಿತ್ತು ಅಂತ ಯಾರೂ ಹೊಲಿಸಿ ತರಲ್ಲ. ಗವಾಕ್ಷಿ ಮೊದಲ ದಿನವೇ ಅಳೆದಾಗಿತ್ತು.”

ಅವಳು ಈಗ ತಲೆ ಎತ್ತಿದಳು. ಅವನ ಕಿವಿ ಕೆಂಪಾಗಿತ್ತು.

“ಸಾಹೇಬರ ಹತ್ರ ಏನಂದ್ರಿ?”

“ತಪ್ಪಾಯ್ತು ಅಂದೆ. ನಾನೇ ಪರೀಕ್ಷೆ ಮಾಡದೇನೇ ಮಾತಾಡ್ಬಿಟ್ಟೆ ಅಂದೆ.”

“ತಪ್ಪು ನಂದು ಅಂತ ಯಾಕೆ ಹೇಳ್ಲಿಲ್ಲ? ನಾನೇ ಬಂದು ಹೇಳ್ತೀನಿ. ನಾಳೆ.”

“ಬೇಡ.”

“ಬರ್ತೀನಿ. ನನಗೆ ನಿದ್ದೆ ಬರ್ಬೇಕಲ್ಲ.”

ಅವನು ತಿರುಗಿ ಅವಳನ್ನು ನೋಡಿದ. ಆ ನೋಟದಲ್ಲಿ ಮೊದಲಿನ ನಂಬಿಕೆ ಪೂರಾ ಮರಳಿರಲಿಲ್ಲ, ಆದರೆ ಬಾಗಿಲವರೆಗೆ ಬಂದು ನಿಂತಿತ್ತು.

“ಶ್...” ಎಂದಿತು ಅಜ್ಜಿಯ ಕುರ್ಚಿ.

ಮೋಟುಗೋಡೆಯ ಮೇಲೆ ಮೊದಲು ಮೂತಿ ಬಂತು. ಕಪ್ಪು ಪಟ್ಟಿ, ಬಿಳಿ ಮಚ್ಚೆ. ಆಮೇಲೆ ಗಿಡ್ಡ ಕಾಲು, ಬೂದು ಮೈ. ಕೊನೆಗೆ ಬಾಲ. ಮೈಯಷ್ಟೇ ಉದ್ದ, ಬರೀ ಕಪ್ಪು. ಒಂದೂ ಉಂಗುರವಿಲ್ಲ. ಅದು ಹಣ್ಣನ್ನು ಮೂಸಿ ನೋಡಿ, ಕೂತು ತಿಂದು, ಹಗ್ಗದ ಮೇಲೆ ನಡೆಯುವವರ ಹಾಗೆ ಗೋಡೆಗುಂಟ ಹೋಗಿ ಮಾಯವಾಯಿತು.

“ಮರಬೆಕ್ಕು,” ಎಂದು ಅವನು ಪಿಸುಗುಟ್ಟಿದ. “ಪುನುಗು ಬೆಕ್ಕಿನ ಜಾತಿ. ಇಲ್ಲಿಯದೇ. ನಾವೆಲ್ಲ ಬರೋಕೆ ಮುಂಚಿನಿಂದ ಇಲ್ಲೇ ಇದ್ದಿದ್ದು. ಅದನ್ನ ಹಿಡಿಯೋ ಹಾಗಿಲ್ಲ.”

“ಉಂಗುರಕ್ಕಿಂತ ಇದೇ ಚೆನ್ನಾಗಿದೆ,” ಎಂದಳು ಅವಳು. ಹೇಳುವಾಗ ಅಳು ಬಂತು.

ಅವನು ತನ್ನ ಕೈಯನ್ನು ಅವಳ ಕೈಯ ಪಕ್ಕಕ್ಕೆ ತಂದಿಟ್ಟ. ಮುಟ್ಟಲಿಲ್ಲ. ಅವಳ ಕಿರುಬೆರಳೇ ಉಳಿದಷ್ಟು ದೂರ ಹೋಯಿತು.

“ಗವಾಕ್ಷಿ ಅಳೆಯೋಕೆ ಮತ್ತೆ ಬರ್ತೀರಾ?”

“ಅಳತೆ ಬೇಡ. ಸುಮ್ನೆ ಬರ್ತೀನಿ, ನಿನ್ನ ನೋಡೋಕೆ.” ಏಕವಚನ ಬಾಯಿಗೆ ಬಂದದ್ದು ತಿಳಿದು ಗಾಬರಿಯಾದ. “ನಿಮ್ಮ... ನಿಮ್ಮನ್ನ.”

“ಮೊದಲನೇದೇ ಇರ್ಲಿ,” ಎಂದಿತು ಕುರ್ಚಿ.

ಅವಳು ನಗುತ್ತ ಎದ್ದು, ಕೋಣೆಯ ದೀಪ ಹಾಕಿದಳು. ಅಚ್ಚ ಕಪ್ಪು ಬಟ್ಟೆ ಹುಡುಕಿ, ಗೊಂಬೆಯ ಮೈಯಷ್ಟೇ ಉದ್ದಕ್ಕೆ ಕತ್ತರಿಸಿ, ಹತ್ತಿ ತುಂಬಿದಳು. ಅವನು ಮೂಟೆಯ ಮೇಲೆ ತನ್ನ ಜಾಗದಲ್ಲಿ ಕೂತ.

“ಬಾಲ ಉದ್ದ ಇತ್ತು,” ಎಂದಳು, ಮೊದಲ ಹೊಲಿಗೆ ಹಾಕುತ್ತ.

“ಹೂಂ.”

“ಬರೀ ಕಪ್ಪು.”

“ಹೂಂ.”

“ನಾನೇ ನೋಡಿದೆ.”

“ಹೂಂ,” ಎಂದ ಅವನು. “ನಾನೂ.”

ಅವಳು ಗಂಟು ಬಿಗಿದು, ಹಲ್ಲಿನಲ್ಲಿ ದಾರ ಕಡಿದು, ಗೊಂಬೆಯನ್ನು ಅವನ ಕೈಗಿಟ್ಟಳು.