ಚಾಕು ಹೇಳಿದ ಸುಳ್ಳು

ಕ್ಯಾರ್ತನ್ ನನ್ನ ಲ್ಯಾಬಿಗೆ ಮೊದಲ ಸಲ ಬಂದದ್ದು ಜಗಳಕ್ಕೆ. ಮೀನಿನ ವಾಸನೆಯ ಉಣ್ಣೆ ಸ್ವೆಟರು, ಕೆಂಪು ಗಡ್ಡ, ಗಡ್ಡಕ್ಕಿಂತ ಕೆಂಪಾದ ಮುಖ. ಅಷ್ಟು ಕೋಪದಲ್ಲೂ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು, ಬರೀ ಕಾಲುಚೀಲದಲ್ಲಿ ನಿಂತು ರೇಗುವ ಗಂಡಸಿನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ.

ಅವನು ಐಸ್‌ಲ್ಯಾಂಡಿನ ಉತ್ತರದ ಹೊಳೆಯೊಂದರ ದಡದಲ್ಲಿ ಸಾಲ್ಮನ್ ಮರಿ ಬೆಳೆಸುವವನು. ಚಳಿ ಶುರುವಾಗುವ ಮೊದಲು ತಾಯಿಮೀನುಗಳ ಮೊಟ್ಟೆ ತೆಗೆದು, ಒಂದೊಂದು ತಾಯಿಯದನ್ನೂ ಬೇರೆ ಬೇರೆ ಟ್ರೇಯಲ್ಲಿಟ್ಟು, ಆ ತಾಯಿಯ ಮೂತ್ರಪಿಂಡದ ಚೂರನ್ನು ನನಗೆ ಕಳಿಸುತ್ತಾನೆ. ಕೆಲವು ಮೀನು ಹೊರಗೆ ಗುಂಡುಕಲ್ಲಿನ ಹಾಗಿದ್ದರೂ ಮೂತ್ರಪಿಂಡದೊಳಗೆ ಬ್ಯಾಕ್ಟೀರಿಯಾ ಅಡಗಿಸಿಕೊಂಡಿರುತ್ತವೆ. ಅದು ಮೊಟ್ಟೆಯೊಳಗೇ ಸೇರಿ ಮರಿಗೆ ದಾಟುತ್ತದೆ. ಆ ಬ್ಯಾಕ್ಟೀರಿಯಾದ ಡಿಎನ್‌ಎ ಚೂರೇ ಚೂರು ಇದ್ದರೂ ನನ್ನ ಪಿಸಿಆರ್ ಯಂತ್ರ ಹಿಡಿಯುತ್ತದೆ. ಹಿಡಿದರೆ ಆ ಟ್ರೇಯ ಮೊಟ್ಟೆಯೆಲ್ಲ ನಾಶ.

ಈ ಸಲ ಅವನ ಅರ್ಧಕ್ಕರ್ಧ ಮೀನು ಪಾಸಿಟಿವ್.

"ಒಂದು ಮೀನಿಗೂ ಒಂದು ಗುಳ್ಳೆ ಇಲ್ಲ. ನಿಮ್ಮ ಮೆಷಿನ್ನಿಗೆ ತಲೆ ಕೆಟ್ಟಿದೆ," ಎಂದ. ಆ ಹೊಳೆಯ ತಳಿ ಬೇರೆಲ್ಲೂ ಇಲ್ಲವಂತೆ, ಈ ಮೊಟ್ಟೆ ಹೋದರೆ ಹೊಳೆಯೇ ಬರಿದಾಗುತ್ತದಂತೆ. ನನಗೆ ಪಾಪ ಅನ್ನಿಸಿತು.

ಕೂರಿಸಿ ಕಾಫಿ ಕೊಟ್ಟೆ. ಮೀನು ಕೊಯ್ದ ಸರದಿಯಲ್ಲೇ ಫಲಿತಾಂಶಗಳನ್ನು ಜೋಡಿಸಿ ನೋಡಿದೆ. ಒಂದು ಮೀನಲ್ಲಿ ಬ್ಯಾಕ್ಟೀರಿಯಾ ಢಾಳಾಗಿತ್ತು. ಅದರ ನಂತರದ್ದರಲ್ಲಿ ಮಸುಕು, ಆಮೇಲಿನದರಲ್ಲಿ ಇನ್ನೂ ಮಸುಕು. ಹೇಗೆ ಕೊಯ್ದಿರಿ ಎಂದು ಕೇಳಿದೆ. ಅವನು ಹೆಮ್ಮೆಯಿಂದ ಸೊಂಟದ ಚಾಕು ತೆಗೆದು ತೋರಿಸಿದ. ಅಜ್ಜನದಂತೆ.

"ಎಲ್ಲಾ ಮೀನಿಗೂ ಇದೊಂದೇನಾ? ನಡುವೆ ಏನು ಮಾಡ್ತೀರಿ?"

"ಒರೆಸ್ತೀನಲ್ಲ. ಪ್ಯಾಂಟಿಗೆ."

"ಹಾಗಾದ್ರೆ ಮೆಷಿನ್ ಸರಿಯಾಗೇ ಇದೆ. ನಿಮ್ಮ ಪ್ಯಾಂಟು ಪಾಸಿಟಿವ್."

ಅವನು ಪ್ಯಾಂಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಗಡ್ಡದೊಳಗೆ ನಗು ಇಷ್ಟಿಷ್ಟೇ ಹರಡಿತು. ನಾನು ಕಂಪ್ಯೂಟರ್ ಪರದೆಯತ್ತ ಮುಖ ತಿರುಗಿಸಿದೆ.

ಒಂದು ಮೀನಿನ ಸೋಂಕು ಚಾಕು ಹತ್ತಿ ಮುಂದಿನ ಚೂರುಗಳಿಗೆ ಅಂಟಿರಬೇಕು ಎಂಬುದು ನನ್ನ ಊಹೆ. ಖಾತ್ರಿಯಾಗಲು ಹೊಸ ಚೂರು ಬೇಕಿತ್ತು. ಮೀನುಗಳಿನ್ನೂ ಹೊಳೆ ದಡದ ಅವನ ಜಾಗದಲ್ಲಿ ಮಂಜುಗಡ್ಡೆಯಲ್ಲಿದ್ದವು. ಅವನ ಜೀಪಿನಲ್ಲೇ ಹೊರಟೆ.

ಪ್ರತಿ ಮೀನಿಗೂ ಹೊಸ ಬ್ಲೇಡು, ಹೊಸ ಕೈಗವಸು. ಮೊದಲು ಕೊಯ್ದ ಕಡೆ ಮುಟ್ಟದೆ, ಮೂತ್ರಪಿಂಡದ ಇನ್ನೊಂದು ತುದಿಯಿಂದ ಚೂರು ತೆಗೆದೆ. ಅವನು ಬ್ಲೇಡು ಬಿಚ್ಚಿ ಕೊಡುತ್ತಿದ್ದ. ಬೆರಳು ತಗುಲಿದಾಗಲೆಲ್ಲ ಇಬ್ಬರೂ ಮೀನಿನ ಮುಖ ನೋಡುತ್ತಿದ್ದೆವು. ಉಗ್ಲಾ, ನಿಮಗೆ ಯಾವತ್ತೂ ತಪ್ಪೇ ಆಗುವುದಿಲ್ಲವೇ ಎಂದು ಕೆಣಕಿದ. ಆಗುತ್ತದೆ, ಆದರೆ ಪ್ಯಾಂಟಿಗೆ ಒರೆಸಿಕೊಳ್ಳುವುದಿಲ್ಲ ಎಂದೆ.

ಲ್ಯಾಬಿಗೆ ಮರಳಿ ಹೊಸ ಚೂರುಗಳನ್ನು ಪರೀಕ್ಷಿಸಿದೆ; ನಿಜವಾಗಿ ಸೋಂಕಿದ್ದದ್ದು ಒಂದೇ ಮೀನಿಗೆ. ವರದಿಯನ್ನು ಇಮೇಲ್ ಮಾಡಿದ್ದರೆ ಸಾಕಿತ್ತು. ನಾನು ಹಿಮ ಬಿದ್ದ ಘಾಟಿ ದಾಟಿ ಕಾರಿನಲ್ಲಿ ಹೋದೆ.

ಸುದ್ದಿ ಕೇಳಿ ಕ್ಯಾರ್ತನ್ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. ಆಮೇಲೆ ಸೋಂಕಿದ್ದ ಆ ಒಂದು ಟ್ರೇಯ ಮುಂದೆ ಹೋಗಿ ನಿಂತ. ಎಲ್ಲಕ್ಕಿಂತ ದೊಡ್ಡ ತಾಯಿಯ ಮೊಟ್ಟೆಗಳು, ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತಿದ್ದವು. ಟ್ರೇಯ ಒಂದು ತುದಿ ನಾನೂ ಹಿಡಿದೆ. ಇಬ್ಬರೂ ಸೇರಿ ಮೊಟ್ಟೆ ನಾಶಮಾಡುವ ಔಷಧದ ಡ್ರಮ್ಮಿಗೆ ಸುರಿದೆವು.

"ಇಷ್ಟು ದೂರ ಯಾಕೆ ಬಂದೆ, ಉಗ್ಲಾ?"

"ಇದನ್ನ ನೀನೊಬ್ಬನೇ ಚೆಲ್ಲಬಾರದು ಅನ್ನಿಸ್ತು."

ಅವನು ಕೈಗವಸು ಕಳಚಿ ನನ್ನ ಕೈ ಹಿಡಿದ. ಉಳಿದ ಟ್ರೇಗಳ ಮೇಲೆ ನೀರು ಸಣ್ಣಗೆ ಹರಿಯುತ್ತಿತ್ತು.

"ಇವನ್ನ ಹೊಳೆಗೆ ಬಿಡೋವಾಗ ನೀನಿರಬೇಕು."

"ಅದಕ್ಕೆ ಇನ್ನೂ ಬೇಸಿಗೆ ಬರಬೇಕು ಕಣೋ."

"ಗೊತ್ತು. ಅಲ್ಲಿವರೆಗೂ ಇಲ್ಲೇ ಇದ್ದುಬಿಡು. ನಂಗೆ ನೀನಂದ್ರೆ ತುಂಬಾ ಇಷ್ಟ."

ಲ್ಯಾಬಿಗೆ ಫೋನು ಮಾಡಿ ರಜೆ ಕೇಳಿದೆ. ಎಷ್ಟು ದಿನ ಎಂದರು. ಅವನ ಮುಖ ನೋಡುತ್ತಾ, ಗೊತ್ತಿಲ್ಲ ಎಂದೆ.